ಸಹಾಯ ಬೇಕು: ಮಗು ಹೋಯಿತು, ಹಾಲು ನಿಲ್ಲುತ್ತಿಲ್ಲ

ತಂಗಿಗೆ ಒಂಬತ್ತನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. 12 ದಿನ ಆಯಿತು. ಮೂರನೇ ದಿನ ಎದೆಯಲ್ಲಿ ಹಾಲು ಬಂತು. ರವಿಕೆ ಒದ್ದೆಯಾದಾಗಲೆಲ್ಲ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಜ್ಜಿ ಬಿಗಿಯಾಗಿ ಬಟ್ಟೆ ಕಟ್ಟು ಅನ್ನುತ್ತಾರೆ. ನರ್ಸ್ ಅದು ಬೇಡ, ತಣ್ಣೀರು ಬಟ್ಟೆ ಇಡಿ, ಜ್ವರ ಬಂದರೆ ತಕ್ಷಣ ಬನ್ನಿ ಅಂದರು. ಹೀಗಾದವರಿಗೆ ಹಾಲು ನಿಲ್ಲೋಕೆ ಎಷ್ಟು ದಿನ ಹಿಡಿಯಿತು?

ಬಂದವರೆಲ್ಲ "ಇನ್ನೊಂದು ಆಗುತ್ತೆ ಬಿಡು" ಅನ್ನುತ್ತಾರೆ. ಒಳ್ಳೇ ಮನಸ್ಸಿಂದಲೇ, ಆದರೆ ಆಗ ಅವಳ ಮುಖ ನೋಡೋಕಾಗಲ್ಲ. ಸರ್ಕಾರದ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಕೊಟ್ಟೆ, ಮಾತಾಡಲಿಲ್ಲ. ಅವಳ ಹತ್ತಿರ ನಾನು ಏನು ಮಾತಾಡಲಿ? ಸುಮ್ನೆ ಪಕ್ಕದಲ್ಲಿ ಕೂತರೆ ಸಾಕಾ?

ಇನ್ನೊಂದು. ಆಫೀಸಿನವರು ಆರೇ ವಾರ ರಜೆ ಅನ್ನುತ್ತಿದ್ದಾರೆ. ಅದು ಗರ್ಭಪಾತಕ್ಕೆ ಅಲ್ವಾ? 1961ರ ಹೆರಿಗೆ ಕಾಯ್ದೆಯಲ್ಲಿ ಸತ್ತು ಹುಟ್ಟಿದ ಮಗುವೂ ಮಗುವೇ ಅಂತ ಇತ್ತು. ಪೂರ್ತಿ ರಜೆ ಪಡೆದವರು ಅರ್ಜಿ ಹೇಗೆ ಬರೆದಿರಿ, ದಯವಿಟ್ಟು ತಿಳಿಸಿ.