ಎರಡು ವರ್ಷದ ಮಗ, ನೂರು ಚಿತ್ರದ ಕಾರ್ಡು: ‘ಇದೇನು’ ಅಂದರೆ ಮಂಚದ ಕೆಳಗೆ ಓಡುತ್ತಾನೆ

ಪುಟ್ಟನ ಅಮ್ಮ, ಹಾಸನ

ಎಲ್ಲರಿಗೂ ನಮಸ್ಕಾರ. ಮಗನಿಗೆ ಬರುವ ತಿಂಗಳು ಎರಡು ವರ್ಷ ತುಂಬುತ್ತದೆ. ಮಾತು ಸ್ವಲ್ಪ ನಿಧಾನ ಅನ್ನಿಸಿ ಒಂದು ಡಬ್ಬಿ ಚಿತ್ರದ ಕಾರ್ಡು ತರಿಸಿದೆ. ನೂರು ಕಾರ್ಡು, ಮುಂದೆ ಚಿತ್ರ, ಹಿಂದೆ ಒಂದು ಪ್ರಶ್ನೆ. ಮೊದಲ ವಾರ ಖುಷಿಯಾಗಿ ಕೂತ. ಈಗ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ನಾನು ಬಗ್ಗಿ ಅಲ್ಲಿಗೂ ಕಾರ್ಡು ಹಿಡಿದು ‘ಇದೇನು ಹೇಳು, ಇದೇನು ಹೇಳು’ ಅನ್ನುತ್ತೇನೆ. ಅತ್ತೆ ಮೊನ್ನೆ ‘ಹಾಲು ಕುಡಿಯೋ ಮಗೂಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾಡ್ತಿದೀಯಲ್ಲೇ’ ಅಂದರು. ಕೋಪ ಬಂತು, ಆದರೆ ರಾತ್ರಿ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಸುಮಾರು 40 ಆಗಿದೆ. ಆದರೆ ಅಂಬಾ, ಬೌಬೌ, ಮಮ್ಮು, ತಾಚಿ ಇವನ್ನೆಲ್ಲ ಮಾತು ಅಂತ ಲೆಕ್ಕ ಹಾಕಬಹುದಾ? ‘ಅಜ್ಜಿ ಬಾ’ ಅಂತ ಎರಡು ಮಾತು ಕೂಡಿಸಿ ಈಗೀಗ ಅಪರೂಪಕ್ಕೆ ಹೇಳುತ್ತಾನೆ. ಹಸು, ಕುದುರೆ, ಮೇಕೆ ಎಲ್ಲವೂ ಅವನಿಗೆ ಅಂಬಾನೇ. ತಿದ್ದಿದರೆ ಅಳುತ್ತಾನೆ. ನಮ್ಮನೆಯವರು ‘ಹೇಗಿದ್ದರೂ ಸ್ಕೂಲಲ್ಲಿ ಇಂಗ್ಲಿಷೇ ಬೇಕು, ಕಾರ್ಡು ಇಂಗ್ಲಿಷಿನಲ್ಲೇ ಹೇಳಿಕೊಡು’ ಅನ್ನುತ್ತಾರೆ. ಕಾರ್ಡು ಬಿಡಬೇಕಾ, ಬೇರೆ ಥರ ಆಡಿಸಬೇಕಾ? ಮಾಡಿ ನೋಡಿದವರು ಹೇಳಿ.

ತೋಟದ ಮನೆ, ಮೂಡಿಗೆರೆ

ಅಯ್ಯೋ ತಂಗಿ, ಇದು ನಮ್ಮನೆಯ ಕಥೆಯೇ. ನನ್ನ ಮಗಳಿಗೂ ಇಂಥದ್ದೇ ಡಬ್ಬಿ ಬಂದಿತ್ತು, ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು. ಅದರಲ್ಲಿ ಪೆಂಗ್ವಿನ್, ಹಿಮದ ಮನೆ, ಸ್ಟ್ರಾಬೆರಿ. ನಮ್ಮ ಹುಡುಗಿ ದಿನಾ ನೋಡುವುದು ಕಾಫಿ ಗಿಡ, ಮೆಣಸಿನ ಬಳ್ಳಿ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳ. ಪೆಂಗ್ವಿನ್ ತೋರಿಸಿ ‘ಇದೇನು’ ಅಂದರೆ ಅವಳು ನನ್ನ ಮುಖ ನೋಡುತ್ತಿದ್ದಳು, ಗೊತ್ತಿದ್ದೂ ಯಾಕೆ ಕೇಳುತ್ತೀಯ ಅನ್ನೋ ಹಾಗೆ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು, ಅಲ್ವಾ? ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರು ಮೇಷ್ಟ್ರುಗಳು ಮಾತ್ರ.

ಆಮೇಲೆ ನಾನು ಮಾಡಿದ್ದು ಇಷ್ಟು. ಮೊಬೈಲಿನಲ್ಲಿ ನಮ್ಮನೆಯದೇ ಫೋಟೋ ತೆಗೆದೆ. ನಮ್ಮ ಹಸು, ನಮ್ಮ ನಾಯಿ, ಅಜ್ಜನ ಕೊಡೆ, ಒಲೆ, ರೊಟ್ಟಿ ಹೆಂಚು, ಕಣದಲ್ಲಿ ಒಣಗುವ ಕಾಫಿ, ಅವಳ ಕೆಂಪು ಚಪ್ಪಲಿ. ಪೇಟೆಗೆ ಹೋದಾಗ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಹನ್ನೆರಡೇ ಕಾರ್ಡು. ಕೂತು ಆಡುವುದನ್ನೂ ಬಿಟ್ಟೆವು. ಹೆಂಚಿನ ಕಾರ್ಡು ಹಿಡಿದು ಅಡುಗೆಮನೆಗೆ ಹೋಗಿ ಹೆಂಚು ಹುಡುಕುವುದು, ಚಪ್ಪಲಿ ಕಾರ್ಡು ಹಿಡಿದು ಬಾಗಿಲಿಗೆ ಓಡುವುದು. ಒಂದು ದಿನ ಹಸುವಿನ ಕಾರ್ಡು ಹಿಡಿದು ಕೊಟ್ಟಿಗೆಗೆ ಹೋಗಿ ಅದನ್ನು ಹಸುವಿಗೇ ತೋರಿಸಿದಳು. ಹಸು ಕಾರ್ಡು ನೆಕ್ಕಿತು. ಆವತ್ತು ಸಂಜೆ ಅಪ್ಪ ಬಂದ ಕೂಡಲೇ ಅವಳು ಹೇಳಿದ್ದು ‘ಅಂಬಾ ನೆಕ್ತು’. ಅವಳ ಬಾಯಲ್ಲಿ ಎರಡು ಮಾತು ಕೂಡಿ ಬಂದಿದ್ದು ಅದೇ ಮೊದಲು. ಆ ಕಾರ್ಡು ಈಗಲೂ ಇದೆ, ಒಂದು ಮೂಲೆ ಉಬ್ಬಿಕೊಂಡಿದೆ.

ಇನ್ನೊಂದು ಆಟ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟ. ಬೇಕಂತಲೇ ತಪ್ಪು ಹೇಳುವುದು. ನಾಯಿ ಕಾರ್ಡು ಹಿಡಿದು ‘ಓ, ಕಾಗೆ! ಕಾಗೆಗೆ ಎಷ್ಟು ಉದ್ದ ಬಾಲ!’ ಅನ್ನಿ. ಮಗು ‘ಅಲ್ಲ’ ಅಂತ ಕಿರುಚಿ ತಾನೇ ಹೆಸರು ಹೇಳುತ್ತದೆ. ಅಮ್ಮನನ್ನು ತಿದ್ದುವ ಸುಖ ಬಿಡುವ ಮಗು ನಾನಂತೂ ನೋಡಿಲ್ಲ.

ನಿವೃತ್ತ ಅಜ್ಜ, ಚಿಕ್ಕಮಗಳೂರು

ಬೇಜಾರು ಮಾಡಿಕೊಳ್ಳಬೇಡಮ್ಮ, ನೇರ ಹೇಳುತ್ತೇನೆ. ಈ ಕಾರ್ಡಿನ ವ್ಯಾಪಾರವೇ ನನಗೆ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಏಳು ಮಕ್ಕಳು ಮಾತು ಕಲಿತವು, ಒಂದಕ್ಕೂ ಕಾರ್ಡು ಇರಲಿಲ್ಲ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಸಂತೆಗೆ ಹೋಗು, ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಲ್ಲು. ನಿಮ್ಮೂರಿನ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ನೂರು ಕಾರ್ಡಿಗಿಂತ ಜಾಸ್ತಿ ಮಾತು ಸಿಗುತ್ತದೆ. ಆಲೂಗಡ್ಡೆ ಮೂಟೆ, ತಕ್ಕಡಿ, ಸೊಪ್ಪಿನ ಕಟ್ಟು.

ನಮ್ಮ ಕಾಲದಲ್ಲಿ ಇದ್ದಿದ್ದು ಒಗಟು. ಮಾರ್ಚ್, ಏಪ್ರಿಲ್‌ನಲ್ಲಿ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ನಮ್ಮಜ್ಜಿ ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು’ ಅನ್ನುತ್ತಿದ್ದಳು. ಅದು ಮಲ್ಲಿಗೆ ಹೂವಿನ ಒಗಟು ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಹೋದ ಮೇಲೆ! ಎರಡು ವರ್ಷದವನಿಗೆ ಅಷ್ಟೆಲ್ಲ ಬೇಡ. ‘ಕೊಟ್ಟಿಗೇಲಿ ಇರುತ್ತೆ, ಹುಲ್ಲು ತಿನ್ನುತ್ತೆ, ಹಾಲು ಕೊಡುತ್ತೆ, ಯಾರದು?’ ಅಷ್ಟು ಸಾಕು.

ಮಾತಿನ ಟೀಚರ್

ನಾನು ಸ್ಪೀಚ್ ಥೆರಪಿಸ್ಟ್, ಓದಿದ್ದು ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ), ಈಗ ಹಾಸನದಲ್ಲೇ ಕೆಲಸ. ಅಜ್ಜನವರ ಮಾತು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಏಳು ಮಕ್ಕಳಿದ್ದ ಮನೆಯಲ್ಲಿ ಮಗುವಿನ ಜೊತೆ ಮಾತಾಡುವವರು ಹತ್ತು ಜನ ಇರುತ್ತಿದ್ದರು ಸರ್. ಈಗ ಎಷ್ಟೋ ಮನೆಯಲ್ಲಿ ಒಬ್ಬರೇ. ಕಾರ್ಡು ಅಂಥವರಿಗೆ ಮಾತು ತೆಗೆಯಲು ಒಂದು ನೆಪ, ಅಷ್ಟೇ.

ಮೊದಲು ನಿಮ್ಮ ಲೆಕ್ಕ. ಅಂಬಾ, ಬೌಬೌ, ಮಮ್ಮು, ತಾಚಿ ಎಲ್ಲವೂ ಮಾತೇ. ಒಂದೇ ಸದ್ದನ್ನು ಪ್ರತಿ ಸಲ ಒಂದೇ ಅರ್ಥಕ್ಕೆ ಬಳಸಿದರೆ ಅದನ್ನು ಬರೆದುಕೊಳ್ಳಿ. ‘ರೊಟ್ಟಿ’ಗೆ ‘ಲೊಟ್ಟಿ’ ಅಂದರೂ ಸರಿ. ರ, ಳ, ಷ ನಾಲಿಗೆಗೆ ತಡವಾಗಿ ಬರುವ ಸದ್ದುಗಳು, ಈಗಲೇ ತಿದ್ದಬೇಡಿ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಮಾತನ್ನೂ ಕೂಡಿಸಿ ಎಣಿಸಬೇಕು. ಎರಡು ಭಾಷೆಯಿಂದ ಮಗುವಿನ ಮಾತು ತಡವಾಗುವುದಿಲ್ಲ, ಆ ಭಯ ಬಿಡಿ. ಆದರೆ ನಿಮ್ಮನೆಯವರಿಗೆ ಇದನ್ನು ಹೇಳಿ: ನಿಮಗೆ ಯಾವ ಭಾಷೆಯಲ್ಲಿ ನಗಲು, ಬೈಯಲು, ಮುದ್ದು ಮಾಡಲು ಬರುತ್ತದೋ ಆ ಭಾಷೆಯಲ್ಲಿ ಮಾತಾಡಿ. ಕಾರ್ಡಿನಲ್ಲಿ ‘ಕೌ’ ಅಂತ ಹೇಳಿಕೊಟ್ಟು ಉಳಿದ ದಿನವೆಲ್ಲ ‘ಹಸು’ ಅಂದರೆ, ಆ ‘ಕೌ’ ಡಬ್ಬಿಯೊಳಗೇ ಉಳಿಯುತ್ತದೆ.

ಕುದುರೆಗೂ ಮೇಕೆಗೂ ಅಂಬಾ ಅನ್ನುವುದು ತಪ್ಪಲ್ಲ. ನಾಲ್ಕು ಕಾಲು, ಬಾಲ ಇರುವುದನ್ನೆಲ್ಲ ಅವನು ಒಂದು ಗುಂಪು ಮಾಡಿಕೊಂಡಿದ್ದಾನೆ. ಈ ವಯಸ್ಸಿನ ಮಕ್ಕಳೆಲ್ಲ ಹೀಗೆಯೇ. ‘ಅಲ್ಲ, ಅದು ಮೇಕೆ’ ಅನ್ನುವ ಬದಲು ‘ಹೌದು, ಅಂಬಾ ಥರಾನೇ ಇದೆ, ಇದು ಮೇಕೆ, ಮ್ಯಾ ಮ್ಯಾ ಅನ್ನುತ್ತೆ, ಗಡ್ಡ ನೋಡು’ ಅನ್ನಿ. ತಿದ್ದಿದ ಹಾಗೂ ಆಯಿತು, ಅಳುವೂ ತಪ್ಪಿತು.

ಈಗ ಪ್ರಶ್ನೆ ಕೇಳುವ ರೀತಿ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳು, ಮನೆಯಲ್ಲಿ ಅಪ್ಪ ಅಮ್ಮ ಚಿತ್ರದ ಪುಸ್ತಕ ಓದಿ ತೋರಿಸುವುದು. ಒಂದು ಗುಂಪಿನವರು ಎಂದಿನಂತೆ ಓದಿದರು. ಇನ್ನೊಂದು ಗುಂಪಿನವರಿಗೆ ಮಗುವಿನ ಬಾಯಿಂದ ಮಾತು ಬರುವ ಹಾಗೆ ಕೇಳುವುದು, ಅದು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ ತಿರುಗಿ ಹೇಳುವುದು ಕಲಿಸಿದ್ದರು. ಒಂದೇ ತಿಂಗಳಲ್ಲಿ ಎರಡನೇ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಕಾರ್ಡಿಗೂ ಅದೇ ದಾರಿ. ಅವನು ‘ಬಸ್’ ಅಂದರೆ ನೀವು ‘ಕೆಂಪು ಬಸ್ಸು, ಬೇಲೂರಿಗೆ ಹೋಗೋ ಬಸ್ಸು’ ಅನ್ನಿ. ‘ಇದೇನು’ ಸ್ವಲ್ಪ ಕಮ್ಮಿ ಮಾಡಿ, ‘ಏನು ಮಾಡ್ತಿದೆ’, ‘ಎಲ್ಲಿ ಹೋಯ್ತು’, ‘ಯಾರದು ಇದು’ ಜಾಸ್ತಿ ಮಾಡಿ. ‘ಯಾಕೆ’, ‘ಹೇಗೆ’ ಈಗ ಬೇಡ, ಅವು ಅರ್ಥವಾಗಲು ಇನ್ನೂ ಟೈಮ್ ಬೇಕು. ಡಬ್ಬಿಯಲ್ಲಿ ಬರುವುದು ಹೆಚ್ಚಾಗಿ ಬರೀ ವಸ್ತುವಿನ ಹೆಸರು. ಆದರೆ ಬಾ, ಕೊಡು, ಬಿತ್ತು, ಬೇಡ, ಆಯ್ತು ಇಂಥ ಮಾತು ಇಲ್ಲದೆ ಎರಡು ಮಾತು ಕೂಡುವುದೇ ಕಷ್ಟ. ‘ಅಂಬಾ ನೆಕ್ತು’ ಹುಟ್ಟಿದ್ದು ‘ನೆಕ್ತು’ ಇಂದ, ಅಲ್ವಾ.

ಕೇಳಿದ ಮೇಲೆ ಸುಮ್ನೆ ಇರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಮ್ಮಲ್ಲಿಗೆ ಬರುವ ಅಮ್ಮಂದಿರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಎರಡು ಎಣಿಸುವಷ್ಟರಲ್ಲಿ ಉತ್ತರ ಅವರೇ ಹೇಳಿಬಿಡುತ್ತಾರೆ.

ಇನ್ನು ಕಾಳಜಿಯ ಮಾತು. ಎರಡು ವರ್ಷ ತುಂಬಿದಾಗ ಸುಮಾರು 50 ಮಾತು ಮತ್ತು ಎರಡು ಮಾತಿನ ಜೋಡಿ ಇದೆಯಾ ಅಂತ ನಾವು ನೋಡುತ್ತೇವೆ. ನಿಮ್ಮ ಮಗ ಅದರ ಹತ್ತಿರದಲ್ಲೇ ಇದ್ದಾನೆ. ಆದರೂ ಒಂದು ಕೇಳುತ್ತೇನೆ. ಪದೇ ಪದೇ ಶೀತ, ಕಿವಿನೋವು ಆಗಿದೆಯಾ? ಕಿವಿಯ ತಮಟೆಯ ಹಿಂದೆ ನೀರು ನಿಂತರೆ ಮಗುವಿಗೆ ಅರ್ಧಂಬರ್ಧ ಕೇಳುತ್ತದೆ, ಮಾತು ಹಿಂದೆ ಬೀಳುತ್ತದೆ. ಅನುಮಾನ ಇದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾರ್ಡು ಆಡಿಸುತ್ತಾ ಕಾಯಬೇಡಿ. ಆಯಿಷ್ 1965ರಿಂದ ಇದೇ ಕೆಲಸ ಮಾಡುತ್ತಿದೆ, ಹಾಸನದಿಂದ ಮೈಸೂರಿಗೆ ರೈಲಿದೆ.

ಪುಟ್ಟನ ಅಮ್ಮ, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ಕರೆದರೆ ತಿರುಗುತ್ತಾನೆ, ಬೆರಳು ಮಾಡಿ ತೋರಿಸುತ್ತಾನೆ, ಶೀತ ಮಾತ್ರ ಈ ಮಳೆಗಾಲ ಮೂರು ಸಲ ಆಯಿತು. ಕಿವಿ ತೋರಿಸಲು ಸೋಮವಾರ ಹೋಗುತ್ತೇವೆ. ನಮ್ಮನೆಯವರು ಈಗ ಇನ್ನೊಂದು ಶುರು ಮಾಡಿದ್ದಾರೆ, ಮೊಬೈಲಿನಲ್ಲೇ ಕಾರ್ಡಿನ ಆ್ಯಪ್ ಇದೆಯಂತೆ, ಮುಟ್ಟಿದರೆ ಅದೇ ಹೆಸರು ಹೇಳುತ್ತದಂತೆ.

ಮಾತಿನ ಟೀಚರ್

ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ. ಆ್ಯಪ್ ಹೆಸರು ಹೇಳುತ್ತದೆ, ಸರಿ. ಮಗು ‘ಲೊಟ್ಟಿ’ ಅಂದಾಗ ನಕ್ಕು ರೊಟ್ಟಿ ಕೊಡುವುದಿಲ್ಲವಲ್ಲ.

ಅಂಗನವಾಡಿ ಅಕ್ಕ, ಬೇಲೂರು ಕಡೆ

ದುಡ್ಡು ಕೊಟ್ಟು ಕಾರ್ಡು ಯಾಕೆ? ಮನೆಗೆ ಬಂದ ಲಗ್ನಪತ್ರಿಕೆ ಎಸೆಯಬೇಡಿ, ಅದರ ಹಿಂಭಾಗ ಖಾಲಿ, ಗಟ್ಟಿಯೂ ಇರುತ್ತದೆ. ಹಳೇ ಕ್ಯಾಲೆಂಡರ್, ಬಿಸ್ಕತ್ ಪೊಟ್ಟಣ, ಸೋಪಿನ ಕವರು ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸಿ. ನಮ್ಮ ಕೇಂದ್ರದಲ್ಲಿ ಚಪ್ಪಲಿ ಡಬ್ಬಿಗೆ ಸೀಳು ಮಾಡಿ ಅಂಚೆ ಡಬ್ಬಿ ಅಂತ ಇಟ್ಟಿದ್ದೇವೆ. ಮಕ್ಕಳು ಚಿತ್ರ ಹೇಳಿ ಒಳಗೆ ಹಾಕುತ್ತವೆ. ಹೇಳದೆ ಹಾಕಿದರೂ ಬೈಯುವುದಿಲ್ಲ, ನಾವೇ ಹೇಳುತ್ತೇವೆ. ಒಂದು ಸಲಕ್ಕೆ ನಾಲ್ಕು ಕಾರ್ಡಿಗಿಂತ ಜಾಸ್ತಿ ಕೊಡುವುದಿಲ್ಲ. ಮತ್ತೆ, ಆರ್‌ಬಿಎಸ್‌ಕೆ ಅಂತ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಇದೆ, ಅದರ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ಮಾತು, ಕಿವಿ ಎಲ್ಲ ನೋಡುತ್ತಾರೆ. ಫ್ರೀ. ನಿಮ್ಮ ಬಡಾವಣೆಯ ಅಂಗನವಾಡಿಯಲ್ಲಿ ದಿನ ಕೇಳಿಕೊಳ್ಳಿ.

ಪುಟ್ಟನ ಅಮ್ಮ, ಹಾಸನ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಕಿವಿ ಚೆನ್ನಾಗಿದೆಯಂತೆ. ದೊಡ್ಡ ಡಬ್ಬಿ ಅಟ್ಟಕ್ಕೆ ಹೋಯಿತು. ಅತ್ತೆಯೇ ಕೂತು ಲಗ್ನಪತ್ರಿಕೆ ಕತ್ತರಿಸಿದರು, ಯಾರ ಮದುವೆ ಯಾವುದು ಅಂತ ಹೇಳುತ್ತಾ ಹೇಳುತ್ತಾ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಅಂಚೆ ಡಬ್ಬಿ ಆಟ ಹಿಡಿಸಿದೆ, ನಿನ್ನೆ ಅವರಪ್ಪನ ಎಟಿಎಂ ಕಾರ್ಡನ್ನೂ ಹಾಕಿ ‘ಅಪ್ಪ ಹೋಯ್ತು’ ಅಂದ! ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದೇ ತೊಂದರೆ. ನಾವು ಲ್ಯಾಮಿನೇಷನ್ ಮಾಡಿಸಿದ ನಾಲ್ಕು ಫೋಟೋದ ಮೂಲೆ ಚೂಪಾಗಿದೆ, ಬಾಯಿಗೆ ಇಟ್ಟುಕೊಂಡು ತುಟಿ ಗೀರಿಕೊಂಡ. ಏನು ಮಾಡುವುದು?

ತೋಟದ ಮನೆ, ಮೂಡಿಗೆರೆ

ಮೂಲೆಗೆ ಎಂಟಾಣೆ ನಾಣ್ಯ ಇಟ್ಟು ಪೆನ್ನಿನಲ್ಲಿ ಗೆರೆ ಎಳೆದು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ. ಪ್ಲಾಸ್ಟಿಕ್ಕಿನ ಅಂಚು ಎರಡು ನೂಲಿನಷ್ಟು, ಅಂದರೆ ಕಾಲು ಇಂಚು ಬಿಡಿ, ಒಳಗಿನ ಫೋಟೋವರೆಗೆ ಕತ್ತರಿಸಿದರೆ ಜೊಲ್ಲು ಒಳಗೆ ಇಳಿಯುತ್ತದೆ. ನಮ್ಮ ಹಸು ನೆಕ್ಕಿದ ಕಾರ್ಡು ಹಾಳಾಗಿದ್ದು ಹಾಗೆಯೇ.