ಓದುಗರ ಸ್ಪಂದನ: ಓದು ಬಿಟ್ಟು ಊರಿಗೆ ಬರಲಾ?

ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಪಶುವಿಜ್ಞಾನದ ಎಂಎಸ್ಸಿ ಓದುತ್ತಿರುವ ಹಾಸನದ ಹುಡುಗಿಯ ಪತ್ರ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಅವರು ಹೋಗಿದ್ದ ಡೈರಿ ಫಾರ್ಮ್‌ನಲ್ಲಿ ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯಿಂದ ಬೇರೆ ಮಾಡಿದರು. ಇವರೇ ಬಾಟಲಿಯಲ್ಲಿ ಗಿಣ್ಣುಹಾಲು ಕುಡಿಸಿದರು. ಹಸು ರಾತ್ರಿಯೆಲ್ಲ ಕೂಗಿತು. ‘ಇನ್ನೊಂದು ವರ್ಷ ಬಾಕಿ ಇದೆ. ಬಿಟ್ಟು ಬರಲಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಮ್ಮೂರಲ್ಲಿ ಡೈರಿಗೆ ಹಾಲು ಹಾಕುವ ಮನೆಗಳ ಗಂಡುಕರುಗಳು ಎಲ್ಲಿ ಹೋಗುತ್ತವೆ ಅಂತ ಯಾವತ್ತಾದರೂ ಕೇಳಿದ್ದೀರಾ? ಮೊದಲು ಅದನ್ನು ಕೇಳಿ. ಆಮೇಲೆ ಪರದೇಶದ ಹಸುವಿಗೆ ಅಳಿ.
– ಓದುಗ, ಮಂಡ್ಯ

ಮಾತು ಖಾರವಾಗಿದೆ, ಪ್ರಶ್ನೆ ಸರಿಯಾಗಿದೆ. ಮುಂದಿನ ಪತ್ರ ಓದಲು ಪರದೇಶಕ್ಕೆ ಹೊರಡುವ ಯೋಚನೆಯಲ್ಲಿರುವವರಿಗೆ.

ನಿಮ್ಮಲ್ಲಿ ಈ ಪತ್ರ ಓದಿದ ಪರಿಚಯದವರು ‘ನಮ್ಮ ಮಗನನ್ನೂ ಕಳಿಸಬಹುದಾ?’ ಎಂದು ಕೇಳಿದರು. ಪಶುವಿಜ್ಞಾನ ಓದಿದವರು ದನದ ಡಾಕ್ಟರ್ ಆಗುವುದಿಲ್ಲ. ಅದು ತಳಿ, ಮೇವು, ಸಾಕಣೆಯ ಓದು. ನೆದರ್ಲೆಂಡ್ಸ್‌ನಲ್ಲಿ ಪಶುವೈದ್ಯಕೀಯ ಇರುವುದು ಉಟ್ರೆಕ್ಟ್‌ನಲ್ಲಿ ಮಾತ್ರ. ಚಿಕಿತ್ಸೆ ಮಾಡುವ ಆಸೆ ಇದ್ದರೆ ನಮ್ಮ ಹೆಬ್ಬಾಳ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿವೆ. ಖರ್ಚನ್ನೂ ನೋಡಿ. ವಾಗೆನಿಂಗೆನ್‌ನಲ್ಲಿ ನಮ್ಮವರಿಗೆ ವರ್ಷದ ಫೀಸು 20,000 ಯೂರೋ ಆಸುಪಾಸು. ಜರ್ಮನಿಯ ಗೊಟಿಂಗೆನ್‌ನಲ್ಲಿ ಬೋಧನಾ ಶುಲ್ಕ ಇಲ್ಲ, ಹೊಹೆನ್‌ಹೈಮ್‌ನಲ್ಲಿ ಸೆಮಿಸ್ಟರ್‌ಗೆ 1,500 ಯೂರೋ. ಆದರೆ ಅಲ್ಲಿ ಬಹಳಷ್ಟು ಪಾಠ ಜರ್ಮನ್ ಭಾಷೆಯಲ್ಲಿ. ಜರ್ಮನಿಯ ವೀಸಾಕ್ಕೆ ವರ್ಷದ ಖರ್ಚೆಂದು ಸುಮಾರು 12,000 ಯೂರೋ ಮೊದಲೇ ಖಾತೆಯಲ್ಲಿ ಇಡಬೇಕು.
– ನಿವೃತ್ತ ಪಶುವೈದ್ಯ, ಶಿವಮೊಗ್ಗ

ಈ ಪತ್ರ ಉದ್ದವಿದೆ. ಒಂದು ಸಾಲನ್ನೂ ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

ತಂಗಿ, ನಿಮ್ಮ ಪತ್ರ ಓದಿ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ನಾನೂ ಜರ್ಮನಿಗೆ ಜಾನುವಾರುಗಳ ಆಹಾರದ ಬಗ್ಗೆ ಓದಲು ಹೋದವಳು. ನಡುವೆ ಅಪ್ಪನಿಗೆ ಲಕ್ವ ಹೊಡೆಯಿತು. ಅಣ್ಣ ‘ಓದಿದ್ದು ಸಾಕು, ಬಾ’ ಅಂದ. ಬಂದೆ. ಮತ್ತೆ ಹೋಗಲು ಯಾರೂ ಬಿಡಲಿಲ್ಲ.

ಅಲ್ಲಿ, ಮೇವು ಹೇಗೆ ಅರಗುತ್ತದೆ ಅಂತ ನೋಡಲು ಪಕ್ಕೆಯಲ್ಲಿ ಕಿಂಡಿ ಮಾಡಿದ ಹಸು ಇತ್ತು. ಭುಜದವರೆಗಿನ ಗ್ಲೌಸ್ ಹಾಕಿಕೊಂಡು ಅದರ ಹೊಟ್ಟೆಯೊಳಗೆ ಕೈ ಇಟ್ಟಾಗ ನನಗೂ ಕಣ್ಣು ತುಂಬಿತ್ತು. ಒಳಗೆ ಬಿಸಿ. ಮೇಲೆ ಹುಲ್ಲು ಚಾಪೆಯ ಹಾಗೆ ತೇಲುತ್ತಿತ್ತು, ಕೆಳಗೆಲ್ಲ ನೀರು. ಹೊಟ್ಟೆಯ ಗೋಡೆ ನನ್ನ ಕೈಯನ್ನು ಅಮುಕಿ ಬಿಡುತ್ತಿತ್ತು. ಹಸು ಮೆಲುಕು ಹಾಕುತ್ತಾ ನಿಂತಿತ್ತು. ಹಿಟ್ಟು ಜಾಸ್ತಿ ಹಾಕಿದರೆ ಹೊಟ್ಟೆ ಹುಳಿಯಾಗಿ ಹಸು ಯಾಕೆ ಮೇವು ಬಿಡುತ್ತದೆ ಅನ್ನುವುದು ಅವತ್ತು ಅರ್ಥವಾಯಿತು. ಊರಲ್ಲಿ ಅದನ್ನೇ ಹೇಳಿದರೆ ‘ಓದು ಮುಗಿಸದೆ ಬಂದವಳು’ ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ನಿಮ್ಮ ಸಂಕಟ ಸರಿಯಾದದ್ದೇ. ಅದನ್ನೇ ಥೀಸಿಸ್ ಮಾಡಿ. ಎಂಟು ವಾರ ದಾಟಿದ ಕರುವನ್ನು ಒಂಟಿಯಾಗಿ ಕೂಡಿಹಾಕಬಾರದು ಅಂತ ಯುರೋಪಿನಲ್ಲಿ ಕಾನೂನಿದೆ. 2023ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರು ಕರುವನ್ನು ಒಂದು ದಿನವಾದರೂ ತಾಯಿ ಜೊತೆ ಬಿಡಿ, ಮುಂದೆ ಇನ್ನೂ ಹೆಚ್ಚು ದಿನ ಬಿಡುವ ದಾರಿ ನೋಡಿ ಎಂದರು. ಕೊಟ್ಟಿಗೆಯಲ್ಲಿ ನಿಂತು, ಹಸು ಎಷ್ಟು ಸಲ ಕೂಗಿತು, ಕರು ಎಷ್ಟು ಹೊತ್ತು ಮಲಗಿತು ಅಂತ ಬರೆದಿಟ್ಟವರು ಇದ್ದದ್ದಕ್ಕೇ ಇಂಥ ಮಾತಿಗೆ ತೂಕ ಬರುತ್ತದೆ. ಹಸುಗಳ ಜೊತೆ ಬೆಳೆದ ನೀವು ಅಲ್ಲಿರಬೇಕು.
– ಓದುಗಿ, ತುಮಕೂರು

ಬೇಲೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಬರೆಸಿದ್ದಾರೆ.

ಮಗಾ, ಊಟ ಸರಿಯಾಗಿ ಮಾಡ್ತಿದ್ದೀಯಾ? ಅಲ್ಲಿ ಚಳಿ ಜಾಸ್ತಿ ಅಂತಾರೆ. ನಮ್ಮ ಕೊಟ್ಟಿಗೆಯಲ್ಲಿ ಕರು ಕುಡಿದು ಉಳಿದದ್ದು ನಮಗೆ. ನಿನಗೆ ಆಗದಿದ್ದರೆ ಬಂದುಬಿಡು. ಯಾರೂ ಏನೂ ಅನ್ನಲ್ಲ.

ಅಲ್ಲಿಯೇ ಇರುವ ಕನ್ನಡಿಗರೊಬ್ಬರ ಮಾತನ್ನೂ ಕೇಳಬೇಕು ಅಲ್ವಾ?

ಬಿಡುವ ಯೋಚನೆ ಇದ್ದರೂ ಸುಮ್ನೆ ಕ್ಲಾಸ್ ತಪ್ಪಿಸಬೇಡಿ. ವರ್ಷದ ಕ್ರೆಡಿಟ್‌ಗಳಲ್ಲಿ ಅರ್ಧವಾದರೂ ಆಗದಿದ್ದರೆ, ತಕ್ಕ ಕಾರಣವೂ ಇಲ್ಲದಿದ್ದರೆ, ಇಲ್ಲಿ ಇರುವ ಪರವಾನಗಿಗೇ ಕುತ್ತು. ಮೊದಲು ಸ್ಟಡಿ ಅಡ್ವೈಸರ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ. ಕರುವನ್ನು ತಾಯಿ ಜೊತೆಯೇ ಬೆಳೆಸುವ ಫಾರ್ಮ್‌ಗಳೂ ಈ ದೇಶದಲ್ಲಿವೆ. ಇಂಟರ್ನ್‌ಶಿಪ್ ಅಂಥ ಕಡೆ ಕೇಳಿ ನೋಡಿ. ಓದು ಮುಗಿಸಿದರೆ ಕೆಲಸ ಹುಡುಕಲು ಒಂದು ವರ್ಷ ಇಲ್ಲೇ ಇರಬಹುದು.
– ಓದುಗ, ಉಟ್ರೆಕ್ಟ್

ಈ ಚರ್ಚೆ ಇಲ್ಲಿಗೆ ಮುಗಿಯಿತು. ತುಮಕೂರಿನ ಓದುಗಿಯ ಒಪ್ಪಿಗೆ ಪಡೆದು ಅವರ ಫೋನ್ ನಂಬರನ್ನು ಹಾಸನದ ಹುಡುಗಿಗೆ ಕಳಿಸಿದ್ದೇವೆ. – ಸಂ.