ಅಜ್ಜಿ ಮನೆಗೆ ಹೋದ ಕೋಡ್

ಭಾನುವಾರ ಬೆಳಿಗ್ಗೆ ಮೈಸೂರಿನ ಅಗ್ರಹಾರದ ನೂರೊಂದು ಗಣಪತಿ ದೇವಸ್ಥಾನದ ಹತ್ತಿರ ಕಾಫಿಗೆ ಸೇರಿದ್ದೆವು. ಸೀನ ಮುಖ ಊದಿಸಿಕೊಂಡು ಕೂತಿದ್ದ.

"ಆಫೀಸಿನಲ್ಲಿ ಹೊಸ ಸರ್ವರ್ ಬಂದಿದೆ ಕಣೋ. ಮೂರು ದಿನದಿಂದ ಗಿಟ್‌ನಲ್ಲಿ ನನ್ನ ಕೋಡನ್ನು ಒರಿಜಿನ್‌ಗೆ ಪುಶ್ ಮಾಡುತ್ತಿದ್ದೇನೆ, ಯಾರಿಗೂ ಕಾಣಿಸುತ್ತಿಲ್ಲ." ಗಿಟ್ ಅಂದರೆ ಕೋಡಿನ ಒಂದೊಂದು ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್; ಪುಶ್ ಅಂದರೆ ಅವನ್ನು ಸರ್ವರಿಗೆ ಕಳಿಸುವುದು.

"ಯಾವ ಒರಿಜಿನ್?" ಅಂದ ಮಂಜ.

"ಒರಿಜಿನ್ ಅಂದರೆ ಒರಿಜಿನ್. ಅದರಲ್ಲೂ ಡೂಪ್ಲಿಕೇಟ್ ಇದೆಯಾ?"

ಮಂಜ ಲೋಟ ಕೆಳಗಿಟ್ಟ. ಇನ್ನು ಅರ್ಧ ಗಂಟೆ ಪಾಠ ಗ್ಯಾರಂಟಿ.

"ನಿನ್ನ ಅಜ್ಜಿ ಮನೆ ಎಲ್ಲಿ?"

"ನಂಜನಗೂಡು."

"ನನ್ನದು ಮದ್ದೂರು. ಇಬ್ಬರೂ 'ಅಜ್ಜಿ ಮನೆ' ಅಂತಲೇ ಹೇಳುತ್ತೇವೆ, ಅಲ್ವಾ? ಒರಿಜಿನ್ನೂ ಹಾಗೇ. ಸರ್ವರಿನಿಂದ ಕೋಡಿನ ನಕಲು ಇಳಿಸಿಕೊಂಡಾಗ, ಅಂದರೆ ಕ್ಲೋನ್ ಮಾಡಿದಾಗ, ಗಿಟ್ ಸುಮ್ನೆ ಆ ಸರ್ವರಿಗೆ ಇಟ್ಟ ಅಡ್ಡಹೆಸರು. ನಿಜವಾದ ವಿಳಾಸ ಡಾಟ್ ಗಿಟ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿದೆ. ಅಜ್ಜಿ ಮನೆ ಬದಲಾಯಿಸಿದರೆ ಒಂದು ಸಾಲು ತಿದ್ದು. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್', ಮುಗಿಯಿತು."

ನಾನು ಗಿಟ್‌ಗಿಂತ ಮುಂಚೆ ಇದೇ ಕೆಲಸ ಮಾಡುತ್ತಿದ್ದ ಸಿವಿಎಸ್ ಕಾಲದವನು. ಆಗ ಸರ್ವರಿನ ವಿಳಾಸ ಒಂದೊಂದು ಫೋಲ್ಡರಿನಲ್ಲೂ 'ರೂಟ್' ಅನ್ನುವ ಫೈಲಾಗಿ ಕೂತಿರುತ್ತಿತ್ತು. ಮದುವೆ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿದ ಹಾಗೆ. ಸರ್ವರ್ ಬದಲಾದರೆ ಚಮಚದಿಂದ ಕೊಳಗದವರೆಗೆ ಉಜ್ಜಬೇಕು. ಇವರಿಬ್ಬರಿಗೆ ಆ ಕಷ್ಟ ಹೇಳಿದರೆ ನಗುತ್ತಾರೆ, ಬಿಡಿ.

ಸೀನ ಅಲ್ಲೇ ಲ್ಯಾಪ್‌ಟಾಪ್ ತೆಗೆದ. ಹೊಸ ಸರ್ವರಿನ ಪೋರ್ಟ್, ಅಂದರೆ ಒಳಗೆ ಹೋಗುವ ಬಾಗಿಲಿನ ನಂಬರ್, 2222. ಸರ್ವರ್ ಹೆಸರು ಬರೆದು, ಕೋಲನ್ ಹಾಕಿ, 2222 ಅಂತ ಕುಟ್ಟಿದ. ಕನೆಕ್ಷನ್ ರೆಫ್ಯೂಸ್ಡ್!

"ಈ ಗಿಡ್ಡ ವಿಳಾಸದಲ್ಲಿ ಕೋಲನ್ ಆದಮೇಲೆ ಬರುವುದೆಲ್ಲ ಫೋಲ್ಡರಿನ ದಾರಿ. ನಿನ್ನ 2222 ಅದಕ್ಕೆ ಒಂದು ಫೋಲ್ಡರು. ಪಾಪ, ದೂರದ ಸರ್ವರಿಗೆ ಭದ್ರವಾಗಿ ಸೇರಿಸುವ ಎಸ್‌ಎಸ್‌ಎಚ್‌ನ ಮಾಮೂಲಿ ಪೋರ್ಟ್ 22ಕ್ಕೇ ಹೋಗಿ ಬಾಗಿಲು ಬಡಿದಿದೆ. ಮುಂದೆ 'ಎಸ್‌ಎಸ್‌ಎಚ್', ಕೋಲನ್, ಎರಡು ಸ್ಲ್ಯಾಶ್ ಹಾಕಿ ಪೂರ್ತಿ ಬರೆ" ಅಂದ ಮಂಜ.

ಬರೆದ. ಹೋಯಿತು.

"ಹಳೇ ಮಷಿನ್ನಿಗೆ ಹೋದ ಕಮಿಟ್ಟುಗಳು, ನಾನು ದಾಖಲಿಸಿದ ಬದಲಾವಣೆಗಳೆಲ್ಲ?"

"ನಿನ್ನ ಹತ್ತಿರವೂ ಇವೆಯಲ್ಲ, ಈಗ ಅವೇ ಹೋದವು. ಕಮಿಟ್ಟಿನ 40 ಅಕ್ಷರದ ಹೆಸರಿನಲ್ಲಿ ಊರೂ ಇಲ್ಲ, ಸರ್ವರೂ ಇಲ್ಲ. ಒಳಗಿರುವುದನ್ನೇ ಲೆಕ್ಕ ಹಾಕಿ ಮಾಡಿದ ಹೆಸರು. ಬೋರ್ಡ್ ಏನೇ ಇರಲಿ, ಸುಲಿದು ತಿಂದರೆ ರಸಬಾಳೆ ಹೌದೋ ಅಲ್ಲವೋ ಗೊತ್ತಾಗುತ್ತಲ್ಲ, ಹಾಗೆ."

ಸೀನನಿಗೆ ಖುಷಿ ಜಾಸ್ತಿಯಾಯಿತು. ರಿಮೋಟ್ ರಿನೇಮ್ ಮಾಡಿ, ಒರಿಜಿನ್ ತೆಗೆದು 'ಅಜ್ಜಿಮನೆ' ಅಂತಲೇ ಇಟ್ಟ.

ಸೋಮವಾರ ಮ್ಯಾನೇಜರ್ ಕೇಳಿದರಂತೆ: "ಕೋಡ್ ಎಲ್ಲಪ್ಪಾ?"

"ಅಜ್ಜಿ ಮನೆಗೆ ಕಳಿಸಿದ್ದೇನೆ ಸಾರ್."